ಮಿಂಚುಹುಳಕ್ಕೆ ಕೇಳಿದ ಪ್ರಶ್ನೆಗಳು

ಮಾರ್ಚ್ ೧೨, ಬುಧವಾರ

ಪ್ರೀತಿಯ ಅಕ್ಕನಿಗೆ,

ನಿನ್ನ ಕಾಗದ ಬಂದು ಬಹಳ ದಿನವಾಯಿತು. ಉತ್ತರ ಬರೆಯದ ತಂಗಿಯನ್ನು ಮನಸ್ಸಿನಲ್ಲೇ ಎಷ್ಟು ಬೈದುಕೊಂಡೆಯೋ. ಬೈದದ್ದು ಸರಿಯೇ, ನನಗೆ ಅದು ಬೇಕಿತ್ತು. ಅಮ್ಮನ ಮೊಣಕಾಲು ನೋವು ಇಳಿದಿದೆ ಎಂದು ಓದಿ ಸಮಾಧಾನವಾಯಿತು. ನಿನ್ನ ಹೊಲಿಗೆ ತರಗತಿಗೆ ಹೊಸ ಯಂತ್ರಗಳು ಬಂದದ್ದು, ಅದರಲ್ಲೊಂದು ಬಂದ ದಿನವೇ ಕೈಕೊಟ್ಟದ್ದು, ನೀನು ಅದನ್ನು ಬಿಚ್ಚಲು ಹೋಗಿ ಒಂದು ಸ್ಪ್ರಿಂಗು ಹಾರಿ ಬೀರುವಿನ ಹಿಂದೆ ಬಿದ್ದದ್ದು ಓದಿ ಒಬ್ಬಳೇ ನಕ್ಕೆ. ನಾವು ಗಂಡಹೆಂಡತಿ ಇಬ್ಬರೂ ಆರೋಗ್ಯ. ನಾನು ಈಗ ಮನೆಯಿಂದಲೇ ಕೆಲಸ ಮಾಡುತ್ತಿದ್ದೇನೆ, ಊಟದ ಕೋಣೆಯ ಕಿಟಕಿಯ ಪಕ್ಕ ಒಂದು ಮೇಜು ಹಾಕಿಕೊಂಡು. ಇವನು ದಿನಾ ಕಣ್ಣಾಸ್ಪತ್ರೆಗೆ ಕೆಲಸಕ್ಕೆ ಹೋಗಿ ಬರುತ್ತಾನೆ. ಹೊರಗಿನವರು ನೋಡಿದರೆ ಎಲ್ಲ ನೆಟ್ಟಗಿದೆ ಅನ್ನಬೇಕು, ಹಾಗಿದೆ.

ಫೋನು ಮಾಡಬಹುದಿತ್ತಲ್ಲ ಅನ್ನುತ್ತೀ. ನೀನು ತರಗತಿ ಮುಗಿಸಿ ಬಿಡುವಾಗುವ ಹೊತ್ತಿಗೆ ಇವನು ಮನೆಗೆ ಬಂದಿರುತ್ತಾನೆ, ಈ ಮನೆಯ ಗೋಡೆ ತೆಳ್ಳಗೆ, ಇವನ ಕಿವಿ ಚುರುಕು. ಬರೆಯುವುದಾದರೆ ಇವನು ಕೆಲಸಕ್ಕೆ ಹೋದ ಮೇಲೆ ನಿರಾಳವಾಗಿ ಬರೆಯಬಹುದು. ಸುತ್ತಿ ಬಳಸಿ ಹೇಳುವುದು ಯಾಕೆ, ನನಗೆ ಹೊಟ್ಟೆಕಿಚ್ಚು ಹತ್ತಿಕೊಂಡಿದೆ ಅಕ್ಕ. ಊಟ ಮಾಡಿದರೂ ಅದೇ, ಮಲಗಿದರೂ ಅದೇ. ಯಾರ ಮೇಲೆ ಎಂದು ಹೇಳಿದರೆ ನೀನು ನಗುತ್ತೀ, ಆದರೂ ಪೂರ್ತಿ ಓದು.

ನಾನೂ ಇವನೂ ಹೇಗೆ ಹತ್ತಿರವಾದೆವು ಎನ್ನುವುದು ನಿನಗೆ ಅಷ್ಟಿಷ್ಟು ಗೊತ್ತು. ಮೊದಲ ಕಚೇರಿಯಲ್ಲಿ ಇವನು ಒಂದು ಸ್ಕ್ರಿಪ್ಟ್ ಬರೆದಿದ್ದ. ಸ್ಕ್ರಿಪ್ಟ್ ಅಂದರೆ ಕಂಪ್ಯೂಟರಿಗೆ ಇದು ಮಾಡು, ಆಮೇಲೆ ಅದು ಮಾಡು ಎಂದು ಸಾಲುಸಾಲಾಗಿ ಬರೆದಿಟ್ಟ ಅಪ್ಪಣೆ. ಇವನ ಯಂತ್ರದಲ್ಲಿ ಅದು ಕುದುರೆಯ ಹಾಗೆ ಓಡುತ್ತಿತ್ತು, ನಮ್ಮ ವಿಭಾಗದ ಯಂತ್ರಕ್ಕೆ ಹಾಕಿದರೆ ಮಿಸುಕುತ್ತಿರಲಿಲ್ಲ. ಯಂತ್ರಗಳು ಬೇರೆ ಬೇರೆ ಬಗೆಯವು. ಒಂದು ಬಗೆಯದು ಪ್ರತಿ ಸಾಲಿನ ಕೊನೆಯಲ್ಲಿ ಕಣ್ಣಿಗೆ ಕಾಣದ ಒಂದು ಗುರುತು ಹೆಚ್ಚಾಗಿ ಹಾಕುತ್ತದೆ, ಇನ್ನೊಂದು ಅದನ್ನು ಕಂಡರೆ ಕಕ್ಕಾಬಿಕ್ಕಿಯಾಗುತ್ತದೆ. ಇವನು ತಲೆ ಕೆರೆದುಕೊಂಡು ಕೂತಿದ್ದ. ನಾನು ಹಿಂದಿನಿಂದ ಹೋಗುವವಳು ಬಗ್ಗಿ ನೋಡಿ, ಸಾಲಿನ ಕೊನೆ ಎಂದಷ್ಟೇ ಹೇಳಿ ಮುಂದೆ ನಡೆದೆ. ಅವತ್ತು ಸಂಜೆ ಚಹಾ ಕುಡಿಯಲು ಕರೆದ. ನಾನು ಬಾಯಿ ತೆರೆಯುವ ಮೊದಲೇ ನಿನಗೆ ಉತ್ತರ ಗೊತ್ತಿರುತ್ತದಲ್ಲ ಎಂದು ಹೇಳಿ ಹೇಳಿ ಸಂತೋಷಪಟ್ಟ. ಆ ವೇಗವನ್ನು ಮೆಚ್ಚಿಕೊಂಡೇ ಮದುವೆಯಾದವನು.

ಆಮೇಲೆ ಎಷ್ಟೋ ವರ್ಷ ಸಿಕ್ಕಿಕೊಂಡಾಗೆಲ್ಲ ಮೊದಲು ಬರುತ್ತಿದ್ದದ್ದು ನನ್ನ ಬಳಿಗೆ. ಅಡಿಗೆ ಮಾಡುತ್ತಿದ್ದರೆ ಅಡಿಗೆಮನೆಗೆ, ಸ್ನಾನಕ್ಕೆ ಹೋಗಿದ್ದರೆ ಬಾಗಿಲ ಹೊರಗಿನಿಂದ. ನಾನು ಒಳಗಿನಿಂದಲೇ ಉತ್ತರ ಕೂಗುತ್ತಿದ್ದೆ. ಈಚೆಗೆ ಕೇಳುವುದು ಕಡಿಮೆಯಾಗಿತ್ತು. ಪಳಗಿದ್ದಾನೆ, ತಾನೇ ಬಿಡಿಸಿಕೊಳ್ಳುತ್ತಾನೆ ಎಂದುಕೊಂಡಿದ್ದೆ. ಒಳಗೊಳಗೇ ಹೆಮ್ಮೆ ಕೂಡ ಪಟ್ಟಿದ್ದೆ, ನೋಡು ನನ್ನ ಬುದ್ಧಿ.

ನಮ್ಮ ಕಸುಬಿನವರು ಒಬ್ಬರನ್ನೊಬ್ಬರು ಕೇಳಿಕೊಳ್ಳಲು ಇಂಟರ್ನೆಟ್ಟಿನಲ್ಲಿ ಜಾಗಗಳಿವೆ. ನಾನು ಅವನ್ನು ಕಟ್ಟೆ ಎನ್ನುತ್ತೇನೆ. ಯಾರೋ ಬಂದು ಹೀಗಾಗಿದೆ ಎನ್ನುತ್ತಾರೆ, ಯಾರೋ ಹಾಗೆ ಮಾಡಿ ನೋಡಿ ಎನ್ನುತ್ತಾರೆ, ನಿಜ ಹೆಸರು ಯಾರಿಗೂ ಇಲ್ಲ. ನಾನು ಕೂರುವ ದೊಡ್ಡ ಕಟ್ಟೆಯಲ್ಲಿ ನನ್ನ ಹೆಸರು ಕತ್ತರಿ. ಉತ್ತರ ಚಿಕ್ಕದು, ಚೂಪು, ಅದಕ್ಕೆ. ಹೋದ ತಿಂಗಳು ಯಾವುದೋ ತೊಡಕಿಗೆ ಹುಡುಕುತ್ತ ಹೋದಾಗ ಇನ್ನೊಂದು ಸಣ್ಣ ಕಟ್ಟೆ ಸಿಕ್ಕಿತು. ಅಲ್ಲಿ ಆಮೆ ಎಂಬ ಹೆಸರಿನವನೊಬ್ಬ ಒಂದು ಪ್ರಶ್ನೆ ಕೇಳಿ, ತನ್ನ ಸ್ಕ್ರಿಪ್ಟಿನ ತುಣುಕನ್ನೂ ಹಾಕಿದ್ದ. ಕೆಲಸ ಮುಗಿದ ಮೇಲೆ ಬಿಸಾಡುವ ಕಡತಕ್ಕೆ ಆ ತುಣುಕಿನಲ್ಲಿ 'ಹರಕುಚಪ್ಪಲಿ' ಎಂದು ಹೆಸರಿತ್ತು. ಭೂಮಿಯ ಮೇಲೆ ಅಂಥ ಕಡತಕ್ಕೆ ಆ ಹೆಸರಿಡುವವನು ಒಬ್ಬನೇ, ಅವನ ಅಂಗಿಗಳಿಗೆ ನಾನು ಗುಂಡಿ ಹಾಕುತ್ತೇನೆ.

ಮೊದಲು ನಗು ಬಂತು. ಆಮೇಲೆ ಕೆಳಗೆ ಓದಿದೆ. ಉತ್ತರ ಕೊಟ್ಟಿದ್ದವರ ಹೆಸರು ಮಿಂಚುಹುಳ. ಹಿಂದಿನದನ್ನು ತೆಗೆದೆ, ಅಲ್ಲೂ ಆಮೆ ಕೇಳಿದ್ದಾನೆ, ಮಿಂಚುಹುಳ ಹೇಳಿದೆ. ಅದಕ್ಕೂ ಹಿಂದಿನದು, ಅದೂ ಹಾಗೆಯೇ. ಒಲೆಯ ಮೇಲಿಟ್ಟ ಹಾಲು ಉಕ್ಕಿ ನೆಲಕ್ಕೆ ಹರಿಯುವವರೆಗೂ ಓದಿದೆ ಅಕ್ಕ. ಇವನು ಅಲ್ಲಿ ಎಷ್ಟು ಮಾತಾಡಿದ್ದಾನೆ ಅಂತೀ. ನನಗೆ ಸಂಜೆ ಬಂದು ಸುಸ್ತು ಎಂದು ಒಂದು ಮಾತು ಹೇಳುವವನು ಅಲ್ಲಿ ಉದ್ದುದ್ದ ಬರೆದಿದ್ದಾನೆ. 'ನನಗೆ ಹೀಗನ್ನಿಸುತ್ತದೆ, ಪೆದ್ದುತನವೂ ಇರಬಹುದು' ಎಂದು ಶುರುಮಾಡುತ್ತಾನೆ. ಆ ಕಡೆಯಿಂದ, 'ಪೆದ್ದುತನವೇನಿಲ್ಲ, ನೀವು ಅಲ್ಲಿಗೆ ಹೇಗೆ ಬಂದಿರಿ ಹೇಳಿ' ಎಂದು ಬರುತ್ತದೆ. ಇವನು ಹೇಳುತ್ತಾನೆ. ಹೇಳುತ್ತ ಹೇಳುತ್ತ ಉತ್ತರವನ್ನು ತಾನೇ ಕಂಡುಕೊಳ್ಳುತ್ತಾನೆ. ಆಮೇಲೆ ಇಬ್ಬರೂ ಒಂದು ಜೋಕು ಹಂಚಿಕೊಳ್ಳುತ್ತಾರೆ. ಆ ಜೋಕುಗಳಲ್ಲಿ ಒಂದನ್ನೂ ಇವನು ನನಗೆ ಹೇಳಿರಲಿಲ್ಲ. ಒಳ್ಳೆಯ ಜೋಕುಗಳು, ಅದೇ ಸಂಕಟ.

ಮಿಂಚುಹುಳ ಹೆಂಗಸು ಎಂದು ನನಗೆ ಯಾರೂ ಹೇಳಲಿಲ್ಲ, ನಾನೇ ತೀರ್ಮಾನಿಸಿದೆ. ಸಂಜೆಯಾಗುವಷ್ಟರಲ್ಲಿ ಅವಳಿಗೆ ಮುಖ ಬಂದಿತ್ತು, ನಯವಾದ ದನಿ ಬಂದಿತ್ತು, ಹತ್ತಿಯ ಇಸ್ತ್ರಿ ಮಾಡಿದ ಉಡುಪು ಬಂದಿತ್ತು. ಇವನು ಮನೆಗೆ ಬಂದು ಚಪ್ಪಲಿ ಬಿಡುವಾಗ ಆ ಚಪ್ಪಲಿಯನ್ನು ಕಂಡರೂ ಮೈ ಉರಿಯಿತು. ಏನೂ ಕೇಳಲಿಲ್ಲ. ದಿನಾ ಇವನು ಹೋದ ಮೇಲೆ ಆ ಕಟ್ಟೆಗೆ ಹೋಗಿ ಓದುವುದು, ಬಂದ ಮೇಲೆ ಮುಖ ನೋಡುವುದು. ಇದೇ ನನ್ನ ದಿನಚರಿಯಾಯಿತು.

ಹೀಗೆ ಓದುವಾಗಲೇ ಇವನು ಬಚ್ಚಿಟ್ಟ ಇನ್ನೊಂದು ಸಂಗತಿ ತಿಳಿಯಿತು. ಆಸ್ಪತ್ರೆಯ ಪ್ರಯೋಗಾಲಯದಲ್ಲಿ ಕಣ್ಣಿನ ಒಳಗಿನ ಚಿತ್ರ ತೆಗೆಯುತ್ತಾರೆ. ಆ ಚಿತ್ರಗಳನ್ನು ವೈದ್ಯರ ಕೋಣೆಯ ಕಂಪ್ಯೂಟರಿಗೆ ಕಳಿಸುವ ಸ್ಕ್ರಿಪ್ಟು ಇವನದು. ಬೆಳಗಿನ ಪಾಳಿಯವರು ಚಿತ್ರಗಳಿಗೆ ಇಂಗ್ಲಿಷಿನ ದೊಡ್ಡಕ್ಷರದಲ್ಲಿ ರೋಗಿಯ ಹೆಸರು ಹಾಕುತ್ತಾರೆ, ಸಂಜೆ ಪಾಳಿಯವರು ಸಣ್ಣಕ್ಷರದಲ್ಲಿ. ಪ್ರಯೋಗಾಲಯದ ಯಂತ್ರಕ್ಕೆ ದೊಡ್ಡ ಎ ಬೇರೆ, ಸಣ್ಣ ಎ ಬೇರೆ. ವೈದ್ಯರ ಯಂತ್ರಕ್ಕೆ ಎರಡೂ ಒಂದೇ. ಹಾಗಾಗಿ ಒಂದೇ ಹೆಸರಿನ ಇಬ್ಬರು ರೋಗಿಗಳು ಬಂದಾಗ ಒಬ್ಬರ ಚಿತ್ರದ ಮೇಲೆ ಇನ್ನೊಬ್ಬರ ಚಿತ್ರ ಹೋಗಿ ಕೂತಿದೆ. ಕಣ್ಣಿಗೆ ಶಸ್ತ್ರಚಿಕಿತ್ಸೆಯೇ ಆಗದ ಹೆಂಗಸಿನ ಹೆಸರಿನಲ್ಲಿ ಆಗಲೇ ಶಸ್ತ್ರಚಿಕಿತ್ಸೆಯಾದ ಕಣ್ಣು ಕಂಡಿದೆ. ಡಾಕ್ಟರು ಜಾಣೆ, ಇದು ಇವರದಲ್ಲ ಎಂದು ತಡೆದಿದ್ದಾರೆ. ಯಾರಿಗೂ ಏನೂ ಆಗಲಿಲ್ಲ. ಆದರೆ ಇವನು ನಡುಗಿಹೋಗಿದ್ದಾನೆ. ನಡುಗಿದ್ದನ್ನು ಹೇಳಿಕೊಂಡದ್ದು ಮಿಂಚುಹುಳಕ್ಕೆ. ಅವತ್ತು ಮನೆಗೆ ಬಂದು ನನ್ನೆದುರು ಕೂತು ಊಟ ಮಾಡಿ, ಉಪ್ಪು ಸರಿಯಾಗಿದೆ ಎಂದಿದ್ದ.

ಮಿಂಚುಹುಳ ಹೇಳಿಕೊಟ್ಟ ಉಪಾಯ ಸರಳವಾಗಿತ್ತು. ಕಳಿಸುವ ಮೊದಲು ಎಲ್ಲ ಹೆಸರನ್ನೂ ಸಣ್ಣಕ್ಷರಕ್ಕೆ ತಿರುಗಿಸಿಬಿಡಿ ಎಂದು. ಓದಿದ ತಕ್ಷಣ ನನಗೆ ತೂತು ಕಂಡಿತು. ಸಣ್ಣಕ್ಷರಕ್ಕೆ ತಿರುಗಿಸುವ ಹೊತ್ತಿನಲ್ಲೇ ಎರಡು ಹೆಸರು ಒಂದಾಗುತ್ತವೆ, ಒಂದು ಚಿತ್ರ ಇನ್ನೊಂದನ್ನು ಅಲ್ಲೇ ಅಳಿಸುತ್ತದೆ. ಈ ತನಕ ಪ್ರಯೋಗಾಲಯದಲ್ಲಾದರೂ ಮೂಲ ಚಿತ್ರ ಉಳಿಯುತ್ತಿತ್ತು, ಇನ್ನು ಅದೂ ಹೋಗುತ್ತದೆ. ಇವನು ನಾಳೆಯಿಂದ ಹಾಕುತ್ತೇನೆ ಎಂದು ಬರೆದು ಧನ್ಯವಾದವನ್ನೂ ಹೇಳಿದ್ದ.

ಆಗ ನನಗೇನಾಯಿತು ಎಂದು ನಿನ್ನೊಬ್ಬಳಿಗೇ ಹೇಳುತ್ತೇನೆ. ಖುಷಿಯಾಯಿತು. ತಪ್ಪಿದ್ದು ಮಿಂಚುಹುಳ. ಆ ಸಂಜೆಯೆಲ್ಲ ಖುಷಿಯಾಗಿದ್ದೆ, ಹಾಡು ಗುನುಗಿದೆ, ಇವನು ಏನು ವಿಶೇಷ ಎಂದು ಕೇಳಿದ. ಆಗಲಿ, ನಾಳೆ ಆಗುವುದು ಆಗಲಿ, ಆಗ ಗೊತ್ತಾಗುತ್ತದೆ ಯಾರ ಉತ್ತರ ಎಂಥದು ಎಂದು ಮನಸ್ಸು ಕುಣಿಯುತ್ತಿತ್ತು. ಬೆಳಿಗ್ಗೆ ಇವನು ಚೀಲ ಹೆಗಲಿಗೇರಿಸುವಾಗ ಆಸ್ಪತ್ರೆಯ ಆ ಹೆಂಗಸಿನ ನೆನಪಾಯಿತು. ಹೆಸರೂ ಗೊತ್ತಿಲ್ಲ, ಮುಖವೂ ಗೊತ್ತಿಲ್ಲ. ಬೇರೆಯವರ ಕಣ್ಣು ಹೊತ್ತು ಡಾಕ್ಟರ ಮುಂದೆ ಕೂತವಳು. ಇನ್ನೊಂದು ಸಲ ಡಾಕ್ಟರು ಗಮನಿಸದೆ ಹೋದರೆ? ಬಾಗಿಲಿಗೆ ಅಡ್ಡ ನಿಂತು, ನಿನ್ನ ಮಿಂಚುಹುಳದ ಉಪಾಯ ಹಾಕಬೇಡ, ಮೂಲ ಚಿತ್ರಗಳೇ ಅಳಿಸಿಹೋಗುತ್ತವೆ ಎಂದೆ.

ಇವನು ಚೀಲ ಇಳಿಸಿದ. ಅರ್ಥವಾಗಲು ಅವನಿಗೆ ಹೆಚ್ಚು ಹೊತ್ತು ಹಿಡಿಯಲಿಲ್ಲ, ಮುಖ ಬಿಳಿಚಿತು. ಆಸ್ಪತ್ರೆಗೆ ಫೋನು ಮಾಡಿ ನಿಲ್ಲಿಸಲು ಹೇಳಿದ. ಆಮೇಲೆ ನನ್ನ ಕಡೆ ತಿರುಗಿ, ಎಷ್ಟು ದಿನದಿಂದ ಓದ್ತಿದ್ದೀಯ ಎಂದು ಕೇಳಿದ. ಅದಕ್ಕೆ ನಾನು, ಅವಳು ಯಾರು ಎಂದೆ. ಅವಳಲ್ಲ, ಅವರು, ನನಗಿಂತ ದೊಡ್ಡ ಮೀಸೆ ಇದೆ, ಹವಾಮಾನ ಕಚೇರಿಯಲ್ಲಿ ಕೆಲಸ, ಇದೇ ಊರು ಎಂದ.

ಮೀಸೆ ಎಂದ ಕೂಡಲೇ ಹೊಟ್ಟೆಕಿಚ್ಚು ಆರಬೇಕಿತ್ತಲ್ಲವೇ? ಆರಲಿಲ್ಲ ಅಕ್ಕ. ಹೆಂಗಸಾಗಿದ್ದರೆ ನೆರೆಹೊರೆಯವರೆಲ್ಲ ನನ್ನ ಕಡೆ ನಿಲ್ಲುತ್ತಿದ್ದರು. ಗಂಡ ಇನ್ನೊಬ್ಬರ ಹತ್ತಿರ ಲೆಕ್ಕ ಹೇಳಿಸಿಕೊಂಡ ಎಂದು ಯಾರ ಮುಂದೆ ಅಳುವುದು? ಅವತ್ತು ಮಧ್ಯಾಹ್ನ ಕಟ್ಟೆಗೆ ಹೋಗಿ ನೋಡಿದೆ. ಆಮೆ ಬರೆದಿದ್ದ, 'ಈ ಉಪಾಯದಲ್ಲಿ ಅಪಾಯವಿದೆ ಎಂದು ಯಾರೋ ಒಬ್ಬರು ತೋರಿಸಿಕೊಟ್ಟರು.' ಮಿಂಚುಹುಳ ಕೂಡಲೇ ತಪ್ಪೊಪ್ಪಿ, 'ಆ ಒಬ್ಬರಿಗೆ ನನ್ನ ನಮಸ್ಕಾರ ತಿಳಿಸಿ' ಎಂದಿತ್ತು. ಯಾರೋ ಒಬ್ಬರು. ನಾನು ಯಾರೋ ಒಬ್ಬರು. ನಮಸ್ಕಾರವನ್ನು ಇವನು ತಿಳಿಸಲೂ ಇಲ್ಲ.

ಅವತ್ತಿನಿಂದ ಮನೆಯಲ್ಲಿ ಮಾತು ಅಳೆದು ಸುರಿದ ಹಾಗಿದೆ. ನಿನ್ನೆ ಇವನಾಗಿಯೇ, ಭಾನುವಾರ ಅವರನ್ನು ಚಹಾಕ್ಕೆ ಕರೆದಿದ್ದೇನೆ, ಮೂರು ಬಗೆಯ ಯಂತ್ರ ಮುಂದಿಟ್ಟುಕೊಂಡು ಒಮ್ಮೆ ಕೂತು ಸರಿಮಾಡೋಣ, ನೀನೂ ಇರು ಎಂದ. ಇರುತ್ತೇನೆ ಎಂದೆ. ನನ್ನ ಮನೆ, ಎಲ್ಲಿಗೆ ಹೋಗಲಿ. ಗೇಟಿನ ಸದ್ದಾಯಿತು, ಇವನೇ ಇರಬೇಕು. ಉಳಿದದ್ದು ಆಮೇಲೆ ಬರೆಯುತ್ತೇನೆ.

ಮಾರ್ಚ್ ೧೮, ಮಂಗಳವಾರ

ಅಕ್ಕ, ಕಾಗದವನ್ನು ಅಂಚೆಗೆ ಹಾಕಲು ಮನಸ್ಸು ಬರಲಿಲ್ಲ. ಭಾನುವಾರ ಮುಗಿಯಲಿ ಎಂದು ಬಟ್ಟೆಗಳ ಅಡಿ ಇಟ್ಟಿದ್ದೆ.

ಅವರು ಬಂದರು. ಮೀಸೆ ದೊಡ್ಡದೇ. ಗುಂಡಗಿನ ಮೈ, ಬೋಳು ತಲೆ, ಅಂಗಿಯ ಜೇಬಿನಲ್ಲಿ ಎರಡು ಕನ್ನಡಕ. ಬಾಗಿಲಲ್ಲಿ ನಿಂತು ನಮಸ್ಕಾರ ಎನ್ನಲು ಹೋಗಿ ನ ಅಕ್ಷರದಲ್ಲಿ ಸಿಕ್ಕಿಕೊಂಡರು. ತುಟಿ ಅಲುಗುತ್ತಿದೆ, ಮಾತು ಬರುತ್ತಿಲ್ಲ. ಅವರಿಗೆ ಉಗ್ಗು ಇದೆ ಎಂದು ಇವನು ನನಗೆ ಹೇಳಿರಲಿಲ್ಲ. ನಾನು ಅವರ ಪರವಾಗಿ ನಮಸ್ಕಾರ ನಮಸ್ಕಾರ ಎಂದು ಮುಗಿಸಿ ಒಳಗೆ ಕರೆದೆ. ದೊಡ್ಡ ಉಪಕಾರ ಮಾಡಿದೆ ಎಂದುಕೊಂಡೆ.

ಊಟದ ಮೇಜಿನ ಮೇಲೆ ಮೂರು ಲ್ಯಾಪ್‌ಟಾಪು ಸಾಲಾಗಿ ಇಟ್ಟಿದ್ದೆವು, ಬಿಸ್ಕತ್ತಿನ ತಟ್ಟೆಗೂ ಜಾಗವಿರಲಿಲ್ಲ. ಇವನು ಅವರ ಪಕ್ಕ ಕೂತ, ನಾನು ಎದುರಿಗೆ. ಇವನು ತೊಡಕನ್ನು ಮೊದಲಿನಿಂದ ವಿವರಿಸಿದ. ನಿಧಾನವಾಗಿ, ಹಿಂದೆ ಹೋಗಿ ಮುಂದೆ ಬಂದು. ಅವರು ಗಲ್ಲಕ್ಕೆ ಕೈ ಕೊಟ್ಟು ಕೇಳಿದರು. ನಾನಾಗಿದ್ದರೆ ಮೂರನೆಯ ವಾಕ್ಯಕ್ಕೇ ಉತ್ತರ ಹೇಳಿರುತ್ತಿದ್ದೆ, ಹೇಳಲು ಬಾಯಿ ಕಡಿಯುತ್ತಿತ್ತು. ಇವನ ಮುಖ ನೋಡಿದೆ. ಕಚೇರಿಯಲ್ಲಿ ಮೊದಲ ಸಲ ಚಹಾಕ್ಕೆ ಕರೆದಾಗ ಇದ್ದ ಮುಖ. ನನ್ನೆದುರಿಗೆ ಅದು ಯಾವಾಗ ನಿಂತುಹೋಯಿತೋ, ನಾನು ಗಮನಿಸಿಯೂ ಇರಲಿಲ್ಲ. ಇನ್ನೊಬ್ಬರ ಕಡೆ ತಿರುಗಿದ ಆ ಮುಖವನ್ನು ನೋಡುತ್ತ ಚಹಾ ಸೋಸಿದೆ, ಅರ್ಧ ಚಹಾ ತಟ್ಟೆಗೆ ಹೋಯಿತು.

ಅವರು ಮಾತಾಡಲು ಶುರುಮಾಡಿದರು. ಹೆ ಎಂದು ತಡೆದು ನಿಂತರು. ಹೆಸರು ಬದಲಾಯಿಸುವ ಮುಂಚೆ ಅದೇ ಹೆಸರಿನದು ಇದೆಯಾ ಎಂದು ನೋಡಬೇಕು, ಅದನ್ನೇ ತಾನೇ ಹೇಳುತ್ತಿರುವುದು ಎಂದು ನಾನು ಮುಗಿಸಿದೆ. ಅವರು ನಕ್ಕು ಮತ್ತೆ ಹೆ ಎಂದರು. ಹೆಚ್ಚಿನ ಅಂಕಿಯೊಂದನ್ನು ಹೆಸರಿನ ಕೊನೆಗೆ ಸೇರಿಸಬಹುದು ಎಂದೆ. ಅದು ಗೊತ್ತಿರುವುದೇ, ಅದಕ್ಕೆ ನನ್ನ ಬಳಿ ಸಾಲುಗಳು ಸಿದ್ಧವಾಗಿವೆ ಎಂದು ಒತ್ತುಗುಂಡಿಗಳ ಮೇಲೆ ಬೆರಳೂ ಇಟ್ಟೆ.

ಆಗ ಇವನು ನನ್ನ ಕಡೆ ನೋಡಿದ. ದನಿ ಎತ್ತಲಿಲ್ಲ. "ಅವರು ಹೇಳಲಿ ಬಿಡು" ಎಂದ.

ನನ್ನ ಕಿವಿ ಬಿಸಿಯಾಯಿತು. ಅವರೇ ನನಗಾಗಿ ಮುಜುಗರಪಟ್ಟು ಕನ್ನಡಕ ಒರೆಸಿಕೊಂಡರು. ಆಮೇಲೆ ನಿಧಾನವಾಗಿ, ಒಂದೊಂದೇ ಪದ ಹೊರಗೆ ತಂದು ಹೇಳಿದರು.

"ಹೆ... ಹೆಸರನ್ನು ಮುಟ್ಟೋದೇ ಬೇಡ. ಪ್ರತಿ ರೋಗಿಗೆ ಆಸ್ಪತ್ರೆ ಕೊಟ್ಟ ನೋಂದಣಿ ಸಂಖ್ಯೆ ಇದೆಯಲ್ಲ, ಆ ಸಂಖ್ಯೆಯ ಹೆಸರಲ್ಲಿ ಕಂಪ್ಯೂಟರಿನಲ್ಲಿ ಒಂದು ಡಬ್ಬಿ ಮಾಡಿ, ಅವರ ಚಿತ್ರ ಅದರೊಳಗೆ ಹಾಕಿ. ಅಂಕಿಗೆ ದೊಡ್ಡದು ಸಣ್ಣದು ಅನ್ನೋದಿಲ್ಲ."

ನಾನು ಮುಗಿಸಿದ ಎರಡು ವಾಕ್ಯಗಳಲ್ಲಿ ಯಾವುದೂ ಅವರು ಹೇಳಬಂದದ್ದಾಗಿರಲಿಲ್ಲ. ಒಳ್ಳೆಯ ಉಪಾಯ. ನನಗೆ ಹೊಳೆದಿರಲಿಲ್ಲ. ಹೊಳೆದಿರಲಿಲ್ಲ ಎನ್ನುವುದಕ್ಕಿಂತ, ನನ್ನದೇ ಉತ್ತರ ಎದುರಿಗೆ ನಿಂತಿದ್ದರಿಂದ ಅದರಾಚೆ ನೋಡಿರಲಿಲ್ಲ. ಹೌದು, ಇದು ಸರಿ ಎಂದೆ. ಒತ್ತುಗುಂಡಿಗಳ ಮೇಲಿಟ್ಟಿದ್ದ ಬೆರಳು ತೆಗೆದೆ.

ಆಮೇಲೆ ಮೂವರೂ ಸೇರಿ ಬರೆದೆವು. ಇವನು ಬರೆದ, ಅವರು ನೋಡಿದರು. ಪ್ರಯೋಗಾಲಯದಿಂದ ಎಷ್ಟು ಚಿತ್ರ ಹೊರಟವೋ ವೈದ್ಯರ ಕಡೆ ಅಷ್ಟೂ ಮುಟ್ಟಿದವೇ ಎಂದು ತಾಳೆ ನೋಡಿ, ಒಂದು ಕಮ್ಮಿಯಾದರೂ ಕೂಗಿಕೊಳ್ಳುವ ಭಾಗವನ್ನು ನಾನು ಬರೆದೆ. ಅವರು ಅದನ್ನು ಓದಿ ಕನ್ನಡಕ ಬದಲಿಸಿ ಮತ್ತೊಮ್ಮೆ ಓದಿದರು, ತುಂಬ ಅಚ್ಚುಕಟ್ಟು ಎಂದರು. ಹೊಗಳಿಕೆ ಚೆನ್ನಾಗಿಯೇ ಇತ್ತು. ನಾನು ಇವನ ಕಡೆ ನೋಡಿದೆ, ಇವನು ತೆರೆಯ ಮೇಲೆ ಬೆರಳಿಟ್ಟು ಸಾಲು ಎಣಿಸುತ್ತಿದ್ದ. ಮೂರೂ ಯಂತ್ರಗಳಲ್ಲಿ ಓಡಿಸಿದೆವು. ಎಲ್ಲೂ ಎಡವಲಿಲ್ಲ. ನಿನ್ನೆ ಆಸ್ಪತ್ರೆಯಲ್ಲೂ ಹಾಕಿದ್ದಾನೆ, ಒಂದು ಚಿತ್ರವೂ ತಪ್ಪಿಲ್ಲವಂತೆ. ಡಾಕ್ಟರು ಬಂದು ಕೈ ಕುಲುಕಿದರಂತೆ. ಮನೆಗೆ ಬಂದು ಅದನ್ನು ನನಗೆ ಹೇಳಿದ. ಪೂರ್ತಿ ಹೇಳಿದ. ನಾನು ನಡುವೆ ಬಾಯಿ ಹಾಕದಿರಲು ಕೈಯಲ್ಲಿದ್ದ ಕಡ್ಡಿಪೆಟ್ಟಿಗೆಯನ್ನು ತಿರುಗಿಸುತ್ತಲೇ ಇದ್ದೆ.

ಅಂತೂ ಜಗಳವಿಲ್ಲ, ಮುನಿಸಿಲ್ಲ. ನಿನ್ನ ತಂಗಿ ಕ್ಷೇಮ. ಅಮ್ಮನಿಗೆ ಇದನ್ನೆಲ್ಲ ಓದಿ ಹೇಳಬೇಡ, ಅಳಿಯನ ಪಕ್ಷ ವಹಿಸಿ ಮಾತಾಡುತ್ತಾಳೆ, ಈಗ ಅದನ್ನು ತಾಳುವ ಶಕ್ತಿ ನನಗಿಲ್ಲ. ನಿನ್ನ ಹೊಲಿಗೆ ಹುಡುಗಿಯರಿಗೆ ನನ್ನ ನೆನಪು ಹೇಳು. ಬೀರುವಿನ ಹಿಂದೆ ಬಿದ್ದ ಸ್ಪ್ರಿಂಗಿಗೆ ಅಯಸ್ಕಾಂತವನ್ನು ದಾರಕ್ಕೆ ಕಟ್ಟಿ ಇಳಿಬಿಡು, ಬೀರು ಜರುಗಿಸಲು ಹೋಗಿ ಬೆನ್ನು ಹಿಡಿಸಿಕೊಳ್ಳಬೇಡ. ದೊಡ್ಡವಳು ನೀನು, ನಿನ್ನ ಹಾರೈಕೆ ಈ ಮನೆಯ ಮೇಲೆ ಯಾವಾಗಲೂ ಇರಲಿ. ಅಮ್ಮನ ಪಾದಕ್ಕೆ ನಮಸ್ಕಾರ.

ನಿನ್ನ ಪ್ರೀತಿಯ
ತಂಗಿ

ಮರೆತಿದ್ದೆ:

ಮರೆತಿರಲಿಲ್ಲ ಅಕ್ಕ, ಬರೆಯಲೋ ಬೇಡವೋ ಎಂದು ಲಕೋಟೆ ಅಂಟಿಸದೆ ಕೂತಿದ್ದೆ. ಭಾನುವಾರ ಅವರನ್ನು ಗೇಟಿನವರೆಗೆ ಬೀಳ್ಕೊಡಲು ನಾನೊಬ್ಬಳೇ ಹೋದೆ, ಇವನು ಒಳಗೆ ತಂತಿಗಳನ್ನು ಸುತ್ತುತ್ತಿದ್ದ. ಅವರು ಏನೋ ಹೇಳಲು ನಿಂತರು. ಈ ಸಲ ನಾನು ಕಾದೆ. ನನ್ನನ್ನು ಹೊಗಳಲೆಂದೇ ಹೇಳಿದರು, ಪಾಪ, ಅವರಿಗೆ ಗೊತ್ತಿಲ್ಲ. ಇಷ್ಟು ಬಲ್ಲವರು ನೀವು ಮನೆಯಲ್ಲೇ ಇದ್ದೀರಿ, ನಾನು ಮೊದಮೊದಲೇ ನಿಮ್ಮ ಯಜಮಾನರನ್ನು ಕೇಳಿದ್ದೆ, ಮನೆಯಲ್ಲಿ ಈ ಕೆಲಸ ಗೊತ್ತಿರುವವರು ಯಾರಾದರೂ ಇದ್ದಾರಾ ಅಂತ, ಯಾರೂ ಇಲ್ಲ ಅಂದಿದ್ದರು ಎಂದರು.

ಅವರು ಹೋದ ಮೇಲೆ ಒಳಗೆ ಬಂದೆ. ಇವನು ಲೋಟ ತೊಳೆಯುತ್ತಿದ್ದ. ಯಾರೂ ಇಲ್ಲ ಅಂದೆಯಂತೆ, ಯಾಕೆ ಎಂದು ಕೇಳಿದೆ. ನಲ್ಲಿ ನಿಲ್ಲಿಸಿದ, ನನ್ನ ಕಡೆ ತಿರುಗಲಿಲ್ಲ.

"ಇದ್ದಾಳೆ ಅಂದಿದ್ದರೆ ಅವಳನ್ನೇ ಕೇಳಿ ಅಂತಿದ್ದರು" ಎಂದ.

ಸಿಟ್ಟಿನಿಂದ ಹೇಳಲಿಲ್ಲ ಅಕ್ಕ. ಸಿಟ್ಟಿನಿಂದ ಹೇಳಿದ್ದರೆ ಜಗಳವಾಡುತ್ತಿದ್ದೆ.